ಗೇರುಸೊಪ್ಪೆಗೆ ರೈಲು ಮುಟ್ಟಿತು

ಕಳೆದ ಭಾನುವಾರ ಸಂಜೆ ನಮ್ಮನೆ ಅಟ್ಟದ ಮೇಲಿನ ಆಟದ ರೈಲುಹಾದಿಯಲ್ಲಿ ತಾಳಗುಪ್ಪದಿಂದ ಹೊರಟ ರೈಲ್‌ಬಸ್ಸು ಮಾವಿನಗುಂಡಿಯಲ್ಲಿ ನಿಂತು, ಘಟ್ಟ ಇಳಿದು, ಗೇರುಸೊಪ್ಪೆ ಮುಟ್ಟಿ, ಸುತ್ತು ಹಾಕಿ ವಾಪಸ್ ಬಂತು. ಎಲ್ಲೂ ಹಳಿ ತಪ್ಪಲಿಲ್ಲ. ಯಾರೂ ಬೆರಳಲ್ಲಿ ತಳ್ಳಲಿಲ್ಲ. ಇಷ್ಟಕ್ಕೆ ಆರು ವರ್ಷ ಹಿಡಿಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ನಿಜವಾದ ಹಳಿ ತಾಳಗುಪ್ಪದಲ್ಲೇ ಮುಗಿಯುತ್ತದೆ. ಅದನ್ನು ಹೊನ್ನಾವರಕ್ಕೆ ಎಳೆಯಬೇಕು ಅನ್ನೋ ಮಾತು ನಾನು ಹುಡುಗನಾಗಿದ್ದಾಗಿನಿಂದ ಕೇಳುತ್ತಿದ್ದೇನೆ. ರೈಲ್ವೆಯವರು ಎಳೆಯಲಿಲ್ಲ, ನಾನು ಎಳೆದೆ. 14 ಅಡಿ ಉದ್ದ, 9 ಅಡಿ ಅಗಲದ ಅಟ್ಟದಲ್ಲಿ ಗೇರುಸೊಪ್ಪೆವರೆಗೆ ಮಾತ್ರ ಜಾಗ ಸಿಕ್ಕಿತು. ಶಿವಮೊಗ್ಗದ ಕಡೆಯಿಂದ ಮೀಟರ್ ಗೇಜ್ ಮೇಲೆ ರೈಲ್‌ಬಸ್ಸು ಓಡುತ್ತಿದ್ದ ಕಾಲವನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ಗೇರುಸೊಪ್ಪೆ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಊರು, ಹಾಗಾಗಿ ಗೂಡ್ಸ್ ವ್ಯಾಗನ್‌ನಲ್ಲಿ ಮೆಣಸಿನ ಚೀಲವೇ ಜಾಸ್ತಿ.

ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ. ಜರ್ಮನಿಯಿಂದ ಬರುವಾಗಲೆಲ್ಲ ಸೂಟ್‌ಕೇಸಿನಲ್ಲಿ ಹಳಿ ತಂದ ಭಾವ, ಒಂಟಿ ಹಳಿ ಮೇಲೆ ಒಂದು ಹೊತ್ತಿಗೆ ಒಂದೇ ರೈಲು ಬಿಡಲು ಬಳಸುತ್ತಿದ್ದ ಚೆಂಡಿನ ಟೋಕನ್ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಮೂರು ಸಂಜೆ ಹೇಳಿಕೊಟ್ಟ ನಿವೃತ್ತ ಸ್ಟೇಷನ್ ಮಾಸ್ಟರ್, ತೆಂಗಿನ ನಾರು ಕತ್ತರಿಸಿ ಬಣ್ಣ ಹಚ್ಚಿ ಇಡೀ ಘಟ್ಟಕ್ಕೆ ಹುಲ್ಲು ಬೆಳೆಸಿದ ಮಗಳು, ನನ್ನ ಬೆರಳು ಒಂದೊಂದಾಗಿ ಎಬ್ಬಿಸಿದ ಫಿಸಿಯೋ ಮೇಡಂ. ನನ್ನವಳಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈತಾಳೆ, ಬಿಟ್ಟಿದ್ದೇನೆ. ಭಾವ ತಂದ ಹಳಿ ಟಿಟಿ ಅನ್ನೋ ಅಳತೆಯದು, ಎರಡು ಹಳಿ ನಡುವೆ 12 ಮಿ.ಮೀ. ಅಗಲ. ನನ್ನ ರೈಲು ನಿಜದ್ದರ 87ರಲ್ಲಿ ಒಂದು ಪಾಲು. ಮೀಟರ್ ಗೇಜಿನ 1000 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಬರುತ್ತದೆ, ಅರ್ಧ ಮಿಲಿಮೀಟರು ಯಾರು ಅಳೀತಾರೆ? ಸ್ಲೀಪರ್ ಮಾತ್ರ ಸ್ವಲ್ಪ ಒತ್ತೊತ್ತು. ಬಗ್ಗಿ ನೋಡಬೇಡಿ.

ಇನ್ನು ಭಟ್ಟರು.

ಹೆಸರು ಹಾಕಬೇಡಿ ಅಂದಿದ್ದಾರೆ. ಸಾಗರದಲ್ಲಿ ಪಂಪ್‌ಸೆಟ್ ಸುಟ್ಟುಹೋದರೆ ಯಾರ ಹತ್ತಿರ ಹೋಗುತ್ತೀರೋ ಅವರೇ ಅಂದರೆ ಸಾಕು. ವೈಂಡಿಂಗ್ ಅಂಗಡಿ. ರೈಲಿನ ಹುಚ್ಚು ಅವರಿಗೆ ಎಳ್ಳಷ್ಟೂ ಇಲ್ಲ.

ಡಿಸೆಂಬರಿನಲ್ಲಿ ನನ್ನ ಬಲಗೈ ಸ್ವಾಧೀನ ತಪ್ಪಿದ್ದು ನಿಮಗೆಲ್ಲ ಗೊತ್ತು. ಮೂರು ತಿಂಗಳು ಅಟ್ಟದ ಬಾಗಿಲು ತೆರೆದಿರಲಿಲ್ಲ. ಮಾರ್ಚಿನಲ್ಲಿ ಒಂದು ಸಂಜೆ, ಯಾರಿಗೂ ಹೇಳದೆ ಹತ್ತಿ ಹೋದೆ. ಬಲಗೈ ಪೂರ್ತಿ ಮಾತು ಕೇಳುತ್ತಿರಲಿಲ್ಲ. ಆದರೂ ಸೋಲ್ಡರಿಂಗ್ ಐರನ್ ಹಿಡಿದು ಬಾಕಿ ಇದ್ದ ನಾಲ್ಕು ವೈರು ಹಳಿಗೆ ಬೆಸೆದೆ. ಸ್ವಿಚ್ ಹಾಕಿದರೆ ಪವರ್ ಪ್ಯಾಕಿನ ಕೆಂಪು ದೀಪ. ಶಾರ್ಟು. ನಾಲ್ಕೂ ಕಿತ್ತು ಮತ್ತೆ ಬೆಸೆದೆ. ಮತ್ತೆ ಕೆಂಪು. ಹತ್ತೂವರೆ ಹೊತ್ತಿಗೆ ಆ ಕೈಯನ್ನೇ ನೋಡುತ್ತಾ ಕೂತೆ. ಜುಲೈಯಲ್ಲಿ ಇದೇ ಹಳಿ ಚೆನ್ನಾಗಿತ್ತು, ಈಗ ಇಲ್ಲ. ನಡುವೆ ಕೆಟ್ಟಿದ್ದು ಒಂದೇ, ಅದು ನನ್ನ ತೋಳಿಗೆ ಅಂಟಿಕೊಂಡಿದೆ ಅನ್ನಿಸಿತು. ಹ್ಯಾಕ್ಸಾ ಬ್ಲೇಡು ತಗೊಂಡೆ. ಹಳಿಯನ್ನೆಲ್ಲ ತುಂಡು ಮಾಡಿ ಗುಜರಿಗೆ ಹಾಕೋದು ಅಂತ. ಕುಯ್ಯುವುದಕ್ಕೂ ಕೈ ಸರಿಯಾಗಿ ಬರಲಿಲ್ಲ. ಅಲ್ಲೇ ಕೂತು ಅತ್ತೆ. ಐವತ್ತೆರಡು ವರ್ಷದ ಗಂಡಸು, ಆಟದ ರೈಲಿನ ಮುಂದೆ.

ಇವಳು ಕೆಳಗಿಂದ ಫೋನ್ ಮಾಡಿದ್ದಳಂತೆ. ಭಟ್ಟರು ಲುಂಗಿಯಲ್ಲೇ ಬಂದರು, ಸ್ಕೂಟರಿನ ಡಿಕ್ಕಿಯಿಂದ ಮಲ್ಟಿಮೀಟರ್ ತೆಗೆದುಕೊಂಡು. ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. "ಪ್ಲಸ್ಸು ಯಾವ್ದು, ಮೈನಸ್ಸು ಯಾವ್ದು, ತೋರ್ಸಿ" ಅಂದರು.

ಗೇರುಸೊಪ್ಪೆಯಲ್ಲಿ ನನ್ನ ಹಳಿ ದುಂಡಗೆ ತಿರುಗಿ ತನ್ನನ್ನೇ ಬಂದು ಸೇರುತ್ತದೆ. ನಿಜವಾದ ರೈಲ್ವೆಯಲ್ಲಿ ಹೀಗೆ ಮಾಡುವುದು ಕಡಿಮೆ, ಆದರೆ ನನ್ನ ರೈಲ್‌ಬಸ್ಸಿಗೆ ಮೂತಿ ಒಂದೇ ಕಡೆ, ತಿರುಗಿಸಲೇಬೇಕು. ಹಾಗೆ ತಿರುಗಿದಾಗ ಎಡಗಡೆ ಹಳಿ ಬಲಗಡೆ ಹಳಿಗೆ ಬಂದು ಮುಟ್ಟುತ್ತದೆ. ಪ್ಲಸ್ಸು ಮೈನಸ್ಸಿಗೆ. ಅದಕ್ಕೇ ಸುತ್ತಿನ ಎರಡೂ ತುದಿಯಲ್ಲಿ, ಎರಡೂ ಹಳಿ ಕತ್ತರಿಸಿ ಗ್ಯಾಪ್ ಬಿಟ್ಟು, ಆ ತುಂಡಿಗೆ ಬೇರೆ ಸ್ವಿಚ್ಚಿನಿಂದ ಕರೆಂಟು ಕೊಡಬೇಕು. ನಾನೂ ಬಿಟ್ಟಿದ್ದೆ. ಜುಲೈಯಲ್ಲಿ.

ಭಟ್ಟರು ನಾನು ಹೊಸದಾಗಿ ಬೆಸೆದ ವೈರುಗಳನ್ನು ಮೊದಲು ನೋಡಿದರು. ಒಂದೊಂದನ್ನೇ ಎಳೆದು ಪರೀಕ್ಷಿಸಿ "ಗಟ್ಟಿ ಉಂಟು" ಅಂದರು. ಆಮೇಲೆ ಹಳಿಯನ್ನು ಗೇಣು ಗೇಣಾಗಿ ಮೀಟರಿನಿಂದ ಮುಟ್ಟುತ್ತಾ ಹೋದರು. ಎರಡೂವರೆಗೆ ಗೇರುಸೊಪ್ಪೆ ಹತ್ತಿರ ಮೀಟರು ಕುಂಯ್ ಅಂತು. ಟಾರ್ಚ್ ಹಿಡಿದು ತೋರಿಸಿದರು. ಗ್ಯಾಪ್ ಮುಚ್ಚಿಹೋಗಿತ್ತು. ಹಳಿಯ ಎರಡು ತುದಿ ಒಂದಕ್ಕೊಂದು ಮೂತಿ ತಾಗಿಸಿಕೊಂಡು ಕೂತಿದ್ದವು.

ಕೆಳಗಿನ ಫ್ರೇಮು ಸಿಲ್ವರ್ ಓಕ್ ರೀಪಿನದು. ಇನ್ನೂ ಹಸಿ ಇದೆ, ಒಂದು ಬೇಸಿಗೆ ಬಿಡಿ ಅಂತ ಬಡಗಿ ಅವತ್ತೇ ಹೇಳಿದ್ದ. ಮಳೆಗಾಲದಲ್ಲಿ ಹಿಗ್ಗಿದ್ದ ಮರ ಹೆಂಚಿನ ಕೆಳಗಿನ ಬಿಸಿಗೆ ಒಣಗಿ ಕುಗ್ಗಿ, ಹಳಿಯನ್ನು ಜೊತೆಗೇ ಎಳೆದುಕೊಂಡಿತ್ತು.

"ನಿಮ್ಮ ಕೈದು ತಪ್ಪಲ್ಲ ಮಾರಾಯ್ರೆ. ಮರ ಒಣಗಿದ್ದು" ಅಂದರು.

ಡಾಕ್ಟರು, ನೆಂಟರು ಎಲ್ಲ ಎಷ್ಟೋ ಧೈರ್ಯ ಹೇಳಿದ್ದರು. ನನಗೆ ಬೇಕಾಗಿದ್ದದ್ದು ಈ ಒಂದು ಮಾತು. ಅದನ್ನು ಅವರು ಸಮಾಧಾನಕ್ಕೆ ಹೇಳಲಿಲ್ಲ. ಮೀಟರು ನೋಡಿ ಹೇಳಿದರು.

ಗುಜರಿಗೆ ಹಾಕಲು ತೆಗೆದಿದ್ದ ಅದೇ ಬ್ಲೇಡಿನಲ್ಲಿ ಗ್ಯಾಪ್ ಮತ್ತೆ ಕತ್ತರಿಸಿದೆವು. ನಾನು ಕತ್ತರಿಸಿದೆ, ಅವರು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಇನ್ನು ಮುಚ್ಚದ ಹಾಗೆ ಏನಾದರೂ ತುರುಕಬೇಕಲ್ಲ. ಭಟ್ಟರು ಪರ್ಸಿನಿಂದ ಅವಧಿ ಮುಗಿದ ಎಟಿಎಂ ಕಾರ್ಡ್ ತೆಗೆದು, ಕತ್ತರಿಯಿಂದ ಸಣ್ಣ ಚೂರು ಮಾಡಿ, ಅರಾಲ್ಡೈಟ್ ಹಚ್ಚಿ ಕೂರಿಸಿದರು. ಅಳತೆ ಮಾಡಿದ ಹಾಗೆ ಕೂತಿತು. ಒಂದು ಚೂರಿನ ಮೇಲೆ ಈಗಲೂ ಅರ್ಧ ಅಂಕಿ ಕಾಣುತ್ತದೆ. ಹೋಗುವಾಗ ನಾಲ್ಕು ಗಂಟೆ. ಚಹಾ ಬೇಡ ಅಂದರು, ಬೆಳಿಗ್ಗೆ ಯಾರದೋ ತೋಟದ ಮೋಟಾರು ಕೊಡಬೇಕಿತ್ತಂತೆ.

ಮೊನ್ನೆ ಭಾನುವಾರ ರೈಲು ಓಡುವಾಗ ಅವರು ಇರಲಿಲ್ಲ. ಮಳೆ ಶುರುವಾಗುವ ಮುಂಚೆ ಅಂಗಡಿ ತುಂಬಾ ಕೆಲಸ. ರಾತ್ರಿ ಬಂದು ಒಂದು ಸುತ್ತು ನೋಡಿದರು. "ಇಷ್ಟೇಯಾ?" ಅಂದರು. ಆಮೇಲೆ ಇನ್ನೂ ಹನ್ನೊಂದು ಸುತ್ತು ಹಾಕಿಸಿದರು.

ಬರುವ ಭಾನುವಾರ ನಾಲ್ಕು ಗಂಟೆಗೆ ನೋಡುವವರೆಲ್ಲ ಬನ್ನಿ. ಮಂಡಕ್ಕಿ, ಚಹಾ ಉಂಟು. ಒದ್ದೆ ಕೊಡೆ ಮಾತ್ರ ಕೆಳಗಿನ ಜಗಲಿಯಲ್ಲೇ ಬಿಟ್ಟು ಬನ್ನಿ, ರೀಪು ಈಗಾಗಲೇ ಹಿಗ್ಗಲು ಶುರುಮಾಡಿದೆ.