ಕಂಬಿ ಹೊತ್ತು ಹೊರಟ ಮಗನಿಗೆ ಕಾಕಾ ಬರೆದ ಪತ್ರ

ಬಾಗಲಕೋಟೆ, ನವನಗರ

ಚಿ. ಮಲ್ಲುಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಸಂಕ್ರಾಂತಿಗೆ ವೈನಿ ಬಂದಿದ್ದರು. ಈ ಯುಗಾದಿಗೆ ನೀನು ಶ್ರೀಶೈಲಕ್ಕೆ ನಡೆದು ಹೋಗುತ್ತೀಯಂತೆ, ಓಣಿಯ 22 ಜನರ ಕಂಬಿಯ ಜವಾಬ್ದಾರಿಯೂ ನಿನ್ನ ಮೇಲೇ ಬಂದಿದೆಯಂತೆ. ಕೇಳಿ ಎದೆ ತುಂಬಿತು. ಶ್ರೀಶೈಲದ ಮಲ್ಲಯ್ಯನ ಹೆಸರಿನಲ್ಲಿ ನಿಮ್ಮ ಅಜ್ಜ ಹೆಗಲ ಮೇಲೆ ಹೊತ್ತ ಕಂಬಿ ಅದು. ಆಮೇಲೆ ನಾನೂ ಒಂಬತ್ತು ವರ್ಷ ಹೊತ್ತಿದ್ದೇನೆ. ಹೋಗಬೇಡ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಆದರೆ ಕೆಲವು ಮಾತು ಹೇಳಲೇಬೇಕು. ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ತಮ್ಮಾ, ನನಗೆ ನೀವು ನಡೆಯುವ ಹಾದಿಗಿಂತ ತಿರುಗಿ ಬರುವ ಹಾದಿಯದೇ ಜಾಸ್ತಿ ಚಿಂತೆ.

ನನ್ನ ಭುಜದ ಎಲುಬು ಮುರಿದ ಕಥೆ ನಿನಗೆ ಗೊತ್ತು. ಪೂರ್ತಿ ಗೊತ್ತಿಲ್ಲ. 2018ರ ಯುಗಾದಿ ಅದು. ಹದಿಮೂರು ದಿನ ನಡೆದಿದ್ದೆವು. ಕಾಲಿಗೆ ಗುಳ್ಳೆ ಎದ್ದದ್ದು, ಮುಳ್ಳು ಮುರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಕಾಡಿನ ದಾರಿಯಲ್ಲಿ ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ ಎಲ್ಲ ದಾಟಿ, ಕೈಲಾಸ ದ್ವಾರದಲ್ಲಿ ಕೂತು ಅತ್ತವರೇ ಎಷ್ಟೋ ಜನ. ದರ್ಶನವೂ ಚೆನ್ನಾಗಿ ಆಯಿತು. ಭ್ರಮರಾಂಬೆ ನಮ್ಮ ಮನೆಮಗಳು ಅಲ್ವಾ, ಅವಳಿಗೆ ಸೀರೆ ಕೊಟ್ಟು ಮನಸ್ಸು ಹಗುರ ಮಾಡಿಕೊಂಡೆವು. ಅವತ್ತೇ ಸಂಜೆ ಊರಿಗೆ ಹೊರಟೆವು. ಸಾಮಾನು ತಂದಿದ್ದ ಪಿಕಪ್ ಗಾಡಿ ಇತ್ತಲ್ಲ, ಅದರ ಹಿಂದೆಯೇ ಹದಿನೇಳು ಜನ ಹತ್ತಿ ಕೂತೆವು. ಮನೆಗೆ ಹೋಗುವ ಗಾಡಿ ಇರುವಾಗ ಬಸ್ಸಿಗೆ ಯಾಕೆ ದುಡ್ಡು ಅಂತ.

ಗಾಡಿ ಓಡಿಸುತ್ತಿದ್ದವನೂ ನಮ್ಮ ಓಣಿಯವನೇ. ಒಳ್ಳೆಯ ಹುಡುಗ. ಕುಡಿತವಿಲ್ಲ, ಚಟವಿಲ್ಲ. ಆದರೆ ಆ ಹದಿಮೂರು ದಿನ ಅವನು ಹೇಗೆ ಇದ್ದ ಅಂತ ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ನಾವು ನಡೆದು ಮಲಗುತ್ತಿದ್ದೆವು. ಅವನು ಮುಂದೆ ಹೋಗಿ ಒಲೆ ಹೂಡಬೇಕು, ನೀರು ತರಬೇಕು, ರಾತ್ರಿ ಸಾಮಾನು ಕಾಯಬೇಕು. ನಾವು ನಸುಕಿನ ಮೂರಕ್ಕೆ ಏಳುತ್ತಿದ್ದೆವು, ಅವನು ಎರಡೂವರೆಗೇ ಏಳುತ್ತಿದ್ದ. ಕರ್ನೂಲಿನಲ್ಲಿ ಊಟ ಮಾಡಿ ಹೊರಟಾಗ ಹಿಂದೆ ಕೂತ ನಾವೆಲ್ಲ ನಿದ್ದೆ ಹೋದೆವು. ರಾತ್ರಿ ಎರಡರ ಸುಮಾರಿಗೆ ಅವನ ಕಣ್ಣೂ ಮುಚ್ಚಿತು. ರಾಯಚೂರು ಇನ್ನೂ ಬಂದಿರಲಿಲ್ಲ.

ಗಾಡಿ ಹೊಲಕ್ಕೆ ಉರುಳಿತು. ನನ್ನ ಗೆಳೆಯ ಅಲ್ಲೇ ಹೋದ. ಹೆಸರು ಬರೆಯುವುದಿಲ್ಲ, ಯಾರು ಅಂತ ನಿನಗೆ ಗೊತ್ತು. ಸಣ್ಣವನಿದ್ದಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಒಯ್ಯುತ್ತಿದ್ದನಲ್ಲ, ಅವನೇ.

ಆಮೇಲಿನದನ್ನು ನಾನು ಇಷ್ಟು ವರ್ಷ ಯಾರ ಮುಂದೆಯೂ ಬಿಡಿಸಿ ಹೇಳಿಲ್ಲ. ಅವನ ಖಾತೆ ನಾನು ಕ್ಯಾಷಿಯರ್ ಆಗಿದ್ದ ಬ್ಯಾಂಕಿನಲ್ಲೇ ಇತ್ತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ 2015ರಲ್ಲಿ ಶುರುವಾದಾಗ ಅರ್ಜಿ ತುಂಬಿಸಿ ಸಹಿ ಹಾಕಿಸಿದ್ದು ನಾನೇ. ಆಗ ವರ್ಷಕ್ಕೆ 12 ರೂಪಾಯಿ ಇತ್ತು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಅವನ ಹೆಂಡತಿ ಪಾಸ್‌ಬುಕ್ ತಂದು ನನ್ನ ಕೈಗೆ ಕೊಟ್ಟಳು. ಆ ದುಡ್ಡು ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಖಾತೆಯಿಂದ ತಾನೇ ಕಟ್ ಆಗುತ್ತದೆ. 2017ರ ಮೇ ಕೊನೆಯಲ್ಲಿ ಅವನ ಖಾತೆಯಲ್ಲಿ ಇದ್ದದ್ದು 7 ರೂಪಾಯಿ. ಐದು ರೂಪಾಯಿ ಕಡಿಮೆ ಬಿದ್ದು ವಿಮೆ ನಿಂತುಹೋಗಿತ್ತು. ಆ ವರ್ಷ ಅವನು ಎಷ್ಟೋ ಸಲ ನನ್ನ ಕೌಂಟರ್ ಮುಂದೆ ನಿಂತಿದ್ದಾನೆ, ಚಹಾ ಕುಡಿದು ಹೋಗಿದ್ದಾನೆ. ಒಂದು ಸಲ ಪಾಸ್‌ಬುಕ್ ಇಸಿದುಕೊಂಡು ನೋಡಿದ್ದರೆ ಸಾಕಿತ್ತು. ನಾನು ನೋಡಲಿಲ್ಲ. ಇವತ್ತಿಗೂ ಅವನ ಮನೆ ಮುಂದೆ ಹಾದು ಹೋಗುವಾಗ ತಲೆ ಎತ್ತಲು ಆಗುವುದಿಲ್ಲ.

ಇನ್ನು ಗಾಡಿಯ ವಿಮೆ. ಅದು ಚಾಲ್ತಿಯಲ್ಲೇ ಇತ್ತು. ಆದರೆ ಅದು ಸರಕಿನ ಗಾಡಿ. ಸರಕಿನ ಗಾಡಿಯ ಹಿಂದೆ ಸುಮ್ನೆ ಹತ್ತಿ ಕೂತ ಜನರಿಗೆ ವಿಮೆ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆಯಂತೆ. ಸರಕಿನ ಜೊತೆ ಬರುವ ಸರಕಿನ ಮಾಲೀಕನ ಮಾತು ಬೇರೆ. ನಮ್ಮಂಥವರ ಲೆಕ್ಕ ಅದರಲ್ಲಿ ಇಲ್ಲ. ಇದು ನಮಗೆ ಗೊತ್ತಾಗಿದ್ದು ಕೋರ್ಟಿನಲ್ಲಿ. ಪರಿಹಾರವನ್ನು ಗಾಡಿಯ ಮಾಲೀಕನೇ ಕೊಡಬೇಕು ಅಂತ ಆಯಿತು. ಅವನಾದರೂ ಎಲ್ಲಿಂದ ತರಬೇಕು? ಇದ್ದ ಎರಡು ಎಕರೆ ಮಾರಿದ. ಅದೂ ಸಾಲಲಿಲ್ಲ. ಬಾಡಿಗೆ ಇಲ್ಲದೆ, ಮಲ್ಲಯ್ಯನ ಸೇವೆ ಅಂತ ಗಾಡಿ ಕೊಟ್ಟವನು ಅವನು. ಒಂದೇ ಓಣಿಯ ಎರಡು ಮನೆ ಮುರಿದು ಬಿದ್ದವು. ಈಗಲೂ ಆ ಎರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಅದಕ್ಕೇ ಹೇಳುತ್ತೇನೆ ಮಲ್ಲು, ಪಿಕಪ್ಪಿನಲ್ಲಿ ಪಾತ್ರೆ ಬರಲಿ, ಹಾಸಿಗೆ ಬರಲಿ. ಜನ ಬರುವುದು ಬೇಡ. ಟ್ರ್ಯಾಕ್ಟರ್ ಟ್ರೇಲರ್ ಅಂತೂ ಬೇಡವೇ ಬೇಡ. ಯುಗಾದಿಗೆ ನಮ್ಮ ಕಡೆಯ ಸರ್ಕಾರಿ ಬಸ್ಸುಗಳು ಶ್ರೀಶೈಲದಿಂದ ಜಾಸ್ತಿ ಓಡುತ್ತವೆ. ಅದರಲ್ಲಿ ಬನ್ನಿ, ಮನೆ ಮುಟ್ಟುವವರೆಗೆ ಟಿಕೆಟ್ ಜೇಬಿನಲ್ಲೇ ಇರಲಿ. ರೈಲು ಬೇಕಾದರೆ ಮಾರ್ಕಾಪುರ ರೋಡ್ ಸ್ಟೇಷನ್ನಿಗೆ ಇಳಿಯಬೇಕು. ಅಲ್ಲಿಂದ ಬಳ್ಳಾರಿ, ಹೊಸಪೇಟೆ, ಗದಗ ಕಡೆಗೆ ಅಮರಾವತಿ ಎಕ್ಸ್‌ಪ್ರೆಸ್ ಇದೆ. ಮೊಬೈಲಿನಲ್ಲಿ ಟಿಕೆಟ್ ಮಾಡುವಾಗ ತಲೆಗೆ 45 ಪೈಸೆಗೆ ಪ್ರಯಾಣ ವಿಮೆ ಬೇಕೇ ಅಂತ ಕೇಳುತ್ತದೆ. ಬೇಕು ಅಂತ ಒತ್ತು. ರೈಲು ಅಪಘಾತದಲ್ಲಿ ಜೀವ ಹೋದರೆ 10 ಲಕ್ಷದವರೆಗೆ ಇದೆ. ಆಮೇಲೆ ಫೋನಿಗೆ ಒಂದು ಲಿಂಕ್ ಬರುತ್ತದೆ. ಅದರಲ್ಲಿ ನಾಮಿನಿ ಹೆಸರು ತುಂಬಬೇಕು, ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಕೌಂಟರಿನಲ್ಲಿ ತೆಗೆದ ಟಿಕೆಟಿಗೆ ಈ ವಿಮೆ ಸಿಗುವುದಿಲ್ಲ, ನೆನಪಿರಲಿ.

ಟೆಂಪೋ ಟ್ರಾವೆಲರ್ ಮಾಡುವುದಾದರೆ ಹಳದಿ ಬೋರ್ಡಿನದನ್ನೇ ಮಾಡು. ಗೆಳೆಯನ ಬಿಳಿ ಬೋರ್ಡ್ ಕಾರಿಗೆ ಬಾಡಿಗೆ ಕೊಟ್ಟು ಹೋದರೆ, ನಾಳೆ ಏನಾದರೂ ಆದಾಗ ವಿಮೆಯವರು ಅದನ್ನೇ ಹಿಡಿದು ತಕರಾರು ತೆಗೆಯುತ್ತಾರೆ. ಎಂ ಪರಿವಾಹನ್ ಆಪಿನಲ್ಲಿ ಗಾಡಿ ನಂಬರ್ ಹಾಕಿದರೆ ವಿಮೆ ಎಲ್ಲಿಯವರೆಗೆ ಇದೆ, ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ, ಎಲ್ಲಿಯವರೆಗೆ ಇದೆ ಅಂತ ತೋರಿಸುತ್ತದೆ. ಮುಂಗಡ ಕೊಡುವ ಮೊದಲು ನೋಡು. ಆಂಧ್ರಕ್ಕೆ ಹೋಗುವ ಪರ್ಮಿಟ್ ಇದೆಯೇ ಅಂತಲೂ ಕೇಳು. ಮತ್ತೆ, ದರ್ಶನವಾದ ರಾತ್ರಿಯೇ ಹೊರಡಬೇಡಿ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಡ್ರೈವರ್ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಲಿ, ಬೆಳಗ್ಗೆ ಹೊರಡಿ. ಒಂದು ದಿನದ ಕೂಲಿ ಹೋದರೆ ಹೋಗಲಿ.

ಈಗ ಪಾಸ್‌ಬುಕ್ಕಿನ ಮಾತು. ಸುರಕ್ಷಾ ಬಿಮಾ ಈಗ ವರ್ಷಕ್ಕೆ 20 ರೂಪಾಯಿ. 18 ವರ್ಷದಿಂದ 70 ವರ್ಷದವರೆಗಿನವರಿಗೆ ಸಿಗುತ್ತದೆ. ವರ್ಷ ಅಂದರೆ ಜೂನ್ 1ರಿಂದ ಮೇ 31. ನಡುವೆ ಸೇರಿದರೂ 20 ರೂಪಾಯಿಯೇ, ದುಡ್ಡು ಕಟ್ ಆದ ದಿನದಿಂದ ಶುರು. ಅಪಘಾತದಲ್ಲಿ ಜೀವ ಹೋದರೆ, ಇಲ್ಲವೇ ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ನೀರಿನಲ್ಲಿ ಮುಳುಗಿದರೂ, ಹಾವು ಕಚ್ಚಿದರೂ ಸಿಗುತ್ತದೆ. ಹಾವಿನ ವಿಷಯದಲ್ಲಿ ಆಸ್ಪತ್ರೆಯ ಕಾಗದ ಬೇಕು. ಎದೆನೋವಿನಿಂದ ಹೋದರೆ ಸಿಗುವುದಿಲ್ಲ, ಅದು ರೋಗದ ಲೆಕ್ಕ. ಆಸ್ಪತ್ರೆ ಖರ್ಚಿಗೂ ಸಿಗುವುದಿಲ್ಲ. ನನ್ನ ಭುಜಕ್ಕೆ ಒಂದು ಪೈಸೆ ಬರಲಿಲ್ಲ, ಮೂರು ತಿಂಗಳು ಮನೆಯಲ್ಲಿ ಕೂತೆ. ನನಗೆ ಪಗಾರ ಇತ್ತು, ನಡೆಯಿತು. ನಿನ್ನ ಜೊತೆ ಬರುವವರಲ್ಲಿ ಅರ್ಧ ಜನ ದಿನಗೂಲಿಯವರು. ಅಂಥವರಿಗೆ ಬೇರೆ ಅಪಘಾತ ವಿಮೆ ಇದ್ದರೆ ಒಳ್ಳೆಯದು. ಪೋಸ್ಟಿನವರ ಪೇಮೆಂಟ್ಸ್ ಬ್ಯಾಂಕಿನಲ್ಲಿ ವರ್ಷಕ್ಕೆ ಕೆಲವು ನೂರು ರೂಪಾಯಿಗೆ 10 ಲಕ್ಷದ್ದು ಇದೆ. ಪೋಸ್ಟ್‌ಮ್ಯಾನನ್ನೇ ಕೇಳು, ಆಸ್ಪತ್ರೆ ಖರ್ಚಿಗೆ ಎಷ್ಟು ಕೊಡುತ್ತಾರೆ ಅಂತಲೂ ಕೇಳು.

ಇನ್ನೊಂದು ಜೀವನ ಜ್ಯೋತಿ ಬಿಮಾ. ಇದು 18ರಿಂದ 50 ವರ್ಷದೊಳಗೆ ಸೇರುವವರಿಗೆ. ಯಾವ ಕಾರಣಕ್ಕೆ ಜೀವ ಹೋದರೂ 2 ಲಕ್ಷ, ವರ್ಷಕ್ಕೆ 436 ರೂಪಾಯಿ. ಫೆಬ್ರವರಿ ಮುಗಿಯುವುದರೊಳಗೆ ಸೇರಿದರೆ ಈ ಮೇವರೆಗೆ 228 ರೂಪಾಯಿ ಸಾಕು. ಆದರೆ ಹೊಸದಾಗಿ ಸೇರಿದ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಕೊಡುವುದಿಲ್ಲ. ಅದಕ್ಕೇ ಶಿವರಾತ್ರಿವರೆಗೆ ಕಾಯಬೇಡ, ಈ ವಾರವೇ ಮಾಡಿಸು.

ಎಲ್ಲರ ಪಾಸ್‌ಬುಕ್ ನೀನೇ ಕೈಯಲ್ಲಿ ಹಿಡಿದು ನೋಡಬೇಕು. ಇದೆ ಅಂತ ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಬೇಡ, ನನ್ನ ಗೆಳೆಯನೂ ಇದೆ ಅಂತಲೇ ನಂಬಿದ್ದ. ಪಿಎಂಎಸ್‌ಬಿವೈ, ಅಂದರೆ ಸುರಕ್ಷಾ ಬಿಮಾ, ಅಂತ 20 ರೂಪಾಯಿ ಕಟ್ ಆದ ಸಾಲು ಕಣ್ಣಿಗೆ ಕಾಣಬೇಕು. ನಾಮಿನಿ ಯಾರು ಅಂತಲೂ ಕೇಳು. ಮದುವೆಗೆ ಮೊದಲು ಅಪ್ಪನ ಹೆಸರು ಬರೆಸಿ, ಅಪ್ಪ ಹೋಗಿ ಹತ್ತು ವರ್ಷವಾದರೂ ಬದಲಿಸದವರನ್ನು ನಾನು ಕೌಂಟರಿನಲ್ಲಿ ಎಷ್ಟೋ ಜನ ನೋಡಿದ್ದೇನೆ. ಎರಡು ಬ್ಯಾಂಕಿನಲ್ಲಿ ಮಾಡಿಸಿದರೆ ಎರಡು ಪಟ್ಟು ಬರುವುದಿಲ್ಲ, ಒಂದೇ ಬರುವುದು.

ಓಣಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಕಂಬಿ ಹೊರುವಾಗ ಸಾವಿನ ಕಾಗದ ತುಂಬುವುದು ಅಪಶಕುನ, ಮಲ್ಲಯ್ಯ ನೋಡಿಕೊಳ್ಳುತ್ತಾನೆ ಅಂತ. ಅವರ ಮೇಲೆ ಸಿಟ್ಟಾಗಬೇಡ. ನಿಮ್ಮ ಅಜ್ಜನಿಗಿಂತ ದೊಡ್ಡ ಭಕ್ತನನ್ನು ನಾನು ನೋಡಿಲ್ಲ. ಅವರು ಹೊರಡುವ ಹಿಂದಿನ ದಿನ ಊರೆಲ್ಲ ತಿರುಗಿ ಕೈಸಾಲ ತೀರಿಸಿ, ಹೊಲದ ಕಾಗದ ಎಲ್ಲಿದೆ ಅಂತ ನಮ್ಮ ಅವ್ವನಿಗೆ ತೋರಿಸಿ, ಆಮೇಲೆ ಕಂಬಿ ಮುಟ್ಟುತ್ತಿದ್ದರು. ಇದನ್ನು ಅವರಿಗೆ ಹೇಳು.

ದಾರಿಯ ವಿಷಯ ನಿನಗೆ ಬಹಳ ಹೇಳಬೇಕಾಗಿಲ್ಲ. ಬಿಸಿಲಿಗೆ ಅಂಜಿ ನಸುಕಿನಲ್ಲಿ ನಡೆಯುತ್ತೀರಿ, ಲಾರಿಯವನಿಗೆ ನಿದ್ದೆ ಬರುವ ಹೊತ್ತೂ ಅದೇ. ರಸ್ತೆಯ ಬಲಕ್ಕೆ ನಡೆಯಿರಿ, ಎದುರು ಬರುವ ಗಾಡಿ ಕಾಣುತ್ತದೆ. ಸಾಲಿನ ಮುಂದೊಬ್ಬ ಹಿಂದೊಬ್ಬ ಬ್ಯಾಟರಿ ಹಿಡಿಯಲಿ. ಎಲ್ಲರ ಚೀಲಕ್ಕೂ ಬೆನ್ನಿಗೂ ರೇಡಿಯಂ ಪಟ್ಟಿ ಬೇಕು. ಕಿವಿಯಲ್ಲಿ ಇಯರ್‌ಫೋನ್ ಬೇಡ, ಹಾಡಬೇಕಾದರೆ ಬಾಯಿ ಬಿಟ್ಟು ಹಾಡಿ. ನಿಂತ ಲಾರಿಯ ನೆರಳಿಗೆ ಯಾರೂ ಮಲಗಬಾರದು, ಕೆಳಗೆ ಜನ ಇದ್ದಾರೆ ಅಂತ ಡ್ರೈವರನಿಗೆ ಗೊತ್ತಾಗುವುದಿಲ್ಲ. ಹತ್ತು ಗಂಟೆಯ ಮೇಲೆ ಬಿಸಿಲಿನಲ್ಲಿ ಹಟ ಮಾಡಬೇಡಿ. ಮಜ್ಜಿಗೆ, ಅಂಬಲಿ, ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಲ್ಲಿ ನಡೆಯುವುದು ಬೇಡ, ಅವರಿಗೆ ಗುಳ್ಳೆ ಎದ್ದದ್ದೂ ಗೊತ್ತಾಗುವುದಿಲ್ಲ. ಪಾತಾಳಗಂಗೆಯಲ್ಲಿ ಕಟ್ಟೆ ಬಿಟ್ಟು ಮುಂದೆ ಇಳಿಯಬೇಡಿ. ಅದು ಅಣೆಕಟ್ಟಿನ ಹಿನ್ನೀರು, ಆಳ ಜಾಸ್ತಿ.

ಎಲ್ಲರ ಜೇಬಿನಲ್ಲೂ ಒಂದು ಚೀಟಿ ಇರಲಿ. ಹೆಸರು, ಊರು, ರಕ್ತದ ಗುಂಪು, ಮನೆಯ ಫೋನ್ ನಂಬರ್. ಕನ್ನಡದಲ್ಲಿ ಬರೆದರೆ ಕರ್ನೂಲಿನ ಆಸ್ಪತ್ರೆಯವರು ಓದುವುದು ಹೇಗೆ? ಇಂಗ್ಲಿಷಿನಲ್ಲೂ ಬರೆಸು.

ಮಲ್ಲಯ್ಯನ ದಯೆಯಿಂದ ಏನೂ ಆಗದಿರಲಿ. ಆದರೆ ಗೊತ್ತಿರಬೇಕು. ಆಂಧ್ರದಲ್ಲೂ ತೆಲಂಗಾಣದಲ್ಲೂ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. 2025ರ ಮೇಯಿಂದ ಕೇಂದ್ರ ಸರ್ಕಾರದ ಹೊಸ ಯೋಜನೆ ಬಂದಿದೆ. ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತು ಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷದವರೆಗೆ ದುಡ್ಡು ಕಟ್ಟದೆ ಚಿಕಿತ್ಸೆ. ಪೊಲೀಸರಿಗೆ ತಿಳಿಸದೆ ಗಾಯಾಳುವನ್ನು ಊರಿಗೆ ಹೊತ್ತು ತರಬೇಡಿ. ಎಫ್‌ಐಆರ್, ಪಂಚನಾಮೆ ಇಲ್ಲದಿದ್ದರೆ ಮುಂದೆ ಎಲ್ಲ ಬಾಗಿಲೂ ಮುಚ್ಚುತ್ತವೆ. ಗುದ್ದಿದ ಗಾಡಿ ಸಿಗದೆ ಹೋದರೂ ಸುಮ್ಮನಾಗಬಾರದು. ಅಂಥ ಸಾವಿಗೆ ಸರ್ಕಾರದಿಂದ 2 ಲಕ್ಷ, ದೊಡ್ಡ ಗಾಯಕ್ಕೆ 50,000 ಇದೆ. ಸುರಕ್ಷಾ ಬಿಮಾಕ್ಕೆ 30 ದಿನದೊಳಗೆ ಬ್ಯಾಂಕಿಗೆ ತಿಳಿಸಬೇಕು. ಕೋರ್ಟಿನಲ್ಲಿ ಪರಿಹಾರ ಕೇಳುವುದಾದರೆ ಆರು ತಿಂಗಳೊಳಗೆ. ಅದಕ್ಕೆ ಕರ್ನೂಲಿಗೆ ಅಲೆಯಬೇಕಾಗಿಲ್ಲ, ನಮ್ಮ ಬಾಗಲಕೋಟೆಯಲ್ಲೇ ಅರ್ಜಿ ಹಾಕಬಹುದು. ಇದನ್ನು ನಿನ್ನ ಹೆಂಡತಿಗೂ ಓದಿ ಹೇಳು. ನೀನೊಬ್ಬನೇ ತಿಳಿದುಕೊಂಡು ಇಟ್ಟುಕೊಳ್ಳುವ ಮಾತಲ್ಲ ಇದು.

ಶಿವರಾತ್ರಿಗೆ ಊರಿಗೆ ಬರುತ್ತೇನೆ. ರೇಡಿಯಂ ಪಟ್ಟಿಯ ಸುರುಳಿ ನಾನೇ ತರುತ್ತೇನೆ, ನಿಮ್ಮ ಕಾಕು ಕೂತು ಎಲ್ಲರ ಚೀಲಕ್ಕೂ ಹೊಲಿದು ಕೊಡುತ್ತೇನೆ ಅಂದಿದ್ದಾಳೆ. ಶೇಂಗಾ ಚಟ್ನಿ, ಕಡಕ್ ರೊಟ್ಟಿಯ ಬುತ್ತಿಯೂ ಅವಳದೇ. ಅಷ್ಟರಲ್ಲಿ 22 ಪಾಸ್‌ಬುಕ್ಕನ್ನೂ ಕೂಡಿಸಿ ಇಡು, ಇಬ್ಬರೂ ಕೂತು ಒಂದೊಂದಾಗಿ ನೋಡೋಣ. ನಿನ್ನದರ ಫೋಟೋ ಮಾತ್ರ ಇವತ್ತೇ ನನಗೆ ಕಳಿಸು. 20 ರೂಪಾಯಿ ಕಟ್ ಆದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಕಳಿಸು.

ಇಂತಿ ನಿನ್ನ
ಕಾಕಾ