ಗನ್ ದೊಡ್ಡದಿದೆ, ಭಾರ ಎಲ್ಲಿ? ನಿಮ್ಮ ಹೆವಿ ವೆಪನ್ ಕಿಟ್ ಬಗ್ಗೆ ದೂರು

ನಮಸ್ಕಾರ,

ಹೋದ ತಿಂಗಳು ನಿಮ್ಮಿಂದ ಐದು ಮಿನಿಯೇಚರ್‌ಗಳ, ಅಂದರೆ ಮೇಜಿನ ಮೇಲೆ ಆಡುವ ಯುದ್ಧದ ಆಟದ ಪುಟ್ಟ ಸೈನಿಕರ, ಹೆವಿ ವೆಪನ್ ಕಿಟ್ ತರಿಸಿದೆ. 28 ಮಿ.ಮೀ. ಸ್ಕೇಲ್ (ಸೈನಿಕನ ಎತ್ತರ ಸುಮಾರು ಅಷ್ಟು), ರೆಸಿನ್ 3ಡಿ ಪ್ರಿಂಟ್, 3,200 ರೂಪಾಯಿ. ಪ್ಯಾಕಿಂಗ್ ಚೆನ್ನಾಗಿತ್ತು, ಒಂದು ಪಾರ್ಟೂ ಮುರಿದಿರಲಿಲ್ಲ. ಮುಖ, ಹೆಲ್ಮೆಟ್, ಬೂಟು ಎಲ್ಲಾ ನನಗೆ ತುಂಬಾ ಇಷ್ಟವಾದವು. ದೂರು ಇರುವುದು ಗನ್‌ಗಳ ಬಗ್ಗೆ. ಈ ಕಿಟ್ ಕೊಂಡಿದ್ದೇ ಅವುಗಳಿಗೋಸ್ಕರ.

ಆರು ನಳಿಗೆಯ ಮೆಷಿನ್ ಗನ್ (ಮಿನಿಗನ್) ಹಿಡಿದವನನ್ನು ನೋಡಿ. ಎರಡೂ ಕಾಲು ಜೋಡಿಸಿ ನೆಟ್ಟಗೆ ನಿಂತಿದ್ದಾನೆ, ಗನ್ ಒಂದೇ ಕೈಯಲ್ಲಿದೆ. ಭಾರ ಹೊತ್ತವರು ಹೀಗೆ ನಿಲ್ಲುವುದಿಲ್ಲ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆಜಿ ಇರುತ್ತದೆ, ಅದನ್ನು ಎತ್ತಿದವರ ಕಾಲು ಅಗಲ ಆಗುತ್ತದೆ, ಮಂಡಿ ಬಗ್ಗುತ್ತದೆ, ಮೈ ಭಾರದ ಎದುರು ಕಡೆಗೆ ವಾಲುತ್ತದೆ. ನಿಜವಾದ ಬ್ರೌನಿಂಗ್ ಎಂ2 ಮೆಷಿನ್ ಗನ್ ಟ್ರೈಪಾಡ್ ಬಿಟ್ಟೇ 38 ಕೆಜಿ. ನಿಮ್ಮ ಸೈನಿಕನ ಗನ್ ಅದಕ್ಕಿಂತ ದೊಡ್ಡದು. ಅಳೆದೆ, 52 ಮಿ.ಮೀ. ಇದೆ. ಇದೇ ಸ್ಕೇಲಿನಲ್ಲಿ ಎಂ2 ಮಾಡಿದರೆ ಸುಮಾರು 30 ಮಿ.ಮೀ. ಬರುತ್ತದೆ ಅಷ್ಟೇ. ದೊಡ್ಡದು ಮಾಡಿದ್ದು ತಪ್ಪಲ್ಲ, ಮೇಜಿನ ಆಚೆ ಕೂತವರಿಗೂ ಕಾಣಬೇಕು, ಈ ಆಟದ ಮಿನಿಗಳಲ್ಲಿ ಕೈ, ತಲೆ, ಗನ್ ಮೊದಲಿನಿಂದಲೂ ಸ್ವಲ್ಪ ಜಾಸ್ತಿ ದಪ್ಪವೇ. ಆದರೆ ಗನ್ ಬೆಳೆದ ಹಾಗೆ ಅದನ್ನು ಹೊತ್ತ ಮೈಯೂ ಬದಲಾಗಬೇಕು ಅಲ್ವಾ?

ಇನ್ನು ಗುಂಡಿನ ಬೆಲ್ಟ್. ಗನ್ನಿಂದ ಹೊರಟು ಸೊಂಟದ ಹತ್ತಿರ ಸುಮ್ನೆ ನಿಂತುಹೋಗಿದೆ. ಬೆನ್ನಿನ ಪೆಟ್ಟಿಗೆಯಲ್ಲಿ ಅದು ಒಳಗೆ ಹೋಗಲು ಒಂದು ಸೀಳು ಕೂಡ ಇಲ್ಲ. ಮಿನಿಗನ್ ನಿಮಿಷಕ್ಕೆ 3,000 ಗುಂಡು ಹಾರಿಸಿದರೆ ಸೆಕೆಂಡಿಗೆ 50 ಆಯಿತು. ಒಂದೊಂದು ಗುಂಡು ಸುಮಾರು 25 ಗ್ರಾಂ ಅಂದುಕೊಂಡರೂ ಪ್ರತಿ ಸೆಕೆಂಡಿಗೆ ಒಂದು ಕೆಜಿ ಮೇಲೆ ಖರ್ಚು. ಇಂಥ ಗನ್ನಿನಲ್ಲಿ ಗುಂಡು ಎಲ್ಲಿಂದ ಬರುತ್ತದೆ ಅನ್ನುವುದೇ ಡಿಸೈನಿನ ಅರ್ಧ ಭಾಗ. ವಾರ್‌ಹ್ಯಾಮರ್ 40,000 ಅನ್ನುವ ಆಟದಲ್ಲಿ ಬಲ ಕೊಡುವ ಕವಚ ತೊಟ್ಟ ಡೆವಸ್ಟೇಟರ್ ಸೈನಿಕರ ಹೆವಿ ಬೋಲ್ಟರ್ ಗನ್ ನೋಡಿ, ಬೆಲ್ಟ್ ನೇರವಾಗಿ ಬೆನ್ನಿನ ಡಬ್ಬಿಗೆ ಹೋಗುತ್ತದೆ. ಅದೇ ಆಟದಲ್ಲಿ ಕವಚದ ಬಲ ಇಲ್ಲದ ಮಾಮೂಲಿ ಸೈನಿಕರಿಗೆ ಹೆವಿ ವೆಪನ್ ಕೊಟ್ಟಾಗ ಗನ್ನನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ದೊಡ್ಡ ಬೇಸ್ (ಅಡಿತಟ್ಟೆ) ಮೇಲೆ ಇಬ್ಬರನ್ನು ಇಟ್ಟಿದ್ದಾರೆ. ನೋಡಿದ ಕೂಡಲೇ ಭಾರ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಬೇಜಾರಾಗಿದ್ದು ಮಿಸೈಲ್ ಲಾಂಚರ್ ನೋಡಿ. ಕೊಳವೆಯ ಹಿಂದಿನ ಬಾಯಿ ಮುಚ್ಚಿದೆ, ಅದೂ ಸೈನಿಕನ ಬೆನ್ನಿನ ಪ್ಯಾಕ್‌ಗೆ ಅಂಟಿಕೊಂಡಿದೆ. ಭುಜದ ಮೇಲಿಟ್ಟು ಹಾರಿಸುವ ಇಂಥ ಆಯುಧಗಳಲ್ಲಿ ಬಿಸಿ ಗ್ಯಾಸ್ ಹಿಂದಕ್ಕೆ ನುಗ್ಗುತ್ತದೆ. ನಮ್ಮ ಸೈನ್ಯದಲ್ಲಿ 1970ರ ದಶಕದಿಂದ ಇರುವ ಕಾರ್ಲ್ ಗುಸ್ತಾಫ್ ಲಾಂಚರ್ ಕೂಡ ಹಾಗೇ, ಹಾರಿಸುವಾಗ ಅದರ ಹಿಂದೆ ಯಾರೂ ನಿಲ್ಲಬಾರದು. ನಿಮ್ಮ ಸೈನಿಕ ಹಾರಿಸಿದರೆ ಮೊದಲು ಸಾಯುವುದು ಅವನೇ.

ಇದನ್ನು ನಿಮ್ಮ ಕಸ್ಟಮರ್ ಕೇರ್‌ಗೆ ಬರೆದಾಗ "ಸೈನ್ಸ್ ಫಿಕ್ಷನ್ ಅಲ್ವಾ ಸರ್, ಹೀಗೇ ಇರಬೇಕು ಅಂತೇನಿಲ್ಲ" ಅಂದರು. ಈ ಮಾತು ನಾನು ಒಪ್ಪುವುದಿಲ್ಲ. ಪ್ಲಾಸ್ಮಾ ಗನ್ ಇದೆ ಅಂದರೆ ನಂಬುತ್ತೇನೆ, ಕವಚವೇ ಭಾರ ಹೊರುತ್ತದೆ ಅಂದರೆ ಅದನ್ನೂ ನಂಬುತ್ತೇನೆ. ಹಾಗಾದರೆ ಗನ್ನಿನಿಂದ ಕವಚಕ್ಕೆ ಒಂದು ಲೋಹದ ತೋಳೋ, ಒಂದು ದಪ್ಪ ಕೇಬಲ್ಲೋ, ಹೆಗಲ ಪಟ್ಟಿಯೋ ತೋರಿಸಿ. ಕಲ್ಪನೆ ನಿಮ್ಮದೇ, ಅದರ ನಿಯಮ ನೀವೇ ಮಾಡಿ, ಆದರೆ ಮಾಡಿದ ನಿಯಮ ಗನ್ನಿನ ಮೇಲೆ ಕಾಣಬೇಕು.

ನಳಿಗೆಗಳ ತುದಿಯಲ್ಲಿ ತೂತೂ ಇಲ್ಲ. ಸ್ಟೀಲ್ ಅಚ್ಚಿನಲ್ಲಿ ಒತ್ತುವ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಅದು ಕಷ್ಟ, ಅದಕ್ಕೇ ನಾವು 1 ಮಿ.ಮೀ. ಡ್ರಿಲ್ ಬಿಟ್ ಹಿಡಿದು ಕೈಯಲ್ಲೇ ಕೊರೆಯುತ್ತೇವೆ. ನಿಮ್ಮದು ರೆಸಿನ್ ಪ್ರಿಂಟ್. ಫೈಲಿನಲ್ಲೇ ತೂತು ಇಟ್ಟರೆ ಹಾಗೇ ಬರುತ್ತದೆ. ನಾನು ಕೊರೆಯಲು ಹೋದಾಗ ಎರಡು ನಳಿಗೆ ಸೀಳಿದವು, ಅವು ಅಷ್ಟು ಸಪೂರ. ಪ್ಲಾಸ್ಮಾ ಗನ್ನಿನ ನಳಿಗೆ ಬಗ್ಗಿತ್ತು, ಬಿಸಿ ನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿದರೂ ವಾರದಲ್ಲಿ ಮತ್ತೆ ಬಗ್ಗಿತು.

ಆಟದಲ್ಲೂ ತೊಂದರೆ ಆಯಿತು. ಪ್ಲಾಸ್ಮಾ ಮತ್ತು ಲೇಸರ್ ಗನ್‌ಗಳಿಗೆ ವ್ಯತ್ಯಾಸ ಇರುವುದು ತುದಿಯಲ್ಲಿ ಮಾತ್ರ. ನಾಲ್ಕು ಅಡಿ ದೂರದಲ್ಲಿ ಕೂತ ಗೆಳೆಯ ಪ್ಲಾಸ್ಮಾವನ್ನು ಲೇಸರ್ ಅಂದುಕೊಂಡು ತನ್ನ ಟ್ಯಾಂಕನ್ನು ಮರೆಗೆ ಸರಿಸಿದ. ಕೈಯಲ್ಲಿ ಕಂಡಿದ್ದೇ ಆಯುಧ ಅನ್ನುವುದು ನಮ್ಮ ಗುಂಪಿನ ನಿಯಮ. ತಪ್ಪು ಅವನದಲ್ಲ, ಆ ಸುತ್ತನ್ನು ಮತ್ತೆ ಆಡಿದೆವು.

ನನಗೆ ಬೇಕಾಗಿರುವುದು ಇಷ್ಟು. ಸೀಳಿದ ನಳಿಗೆ, ಬಗ್ಗಿದ ಪ್ಲಾಸ್ಮಾ ಗನ್ನು ಇವಕ್ಕೆ ಬದಲಿ ಪಾರ್ಟ್ ಕಳಿಸಿ, ಈ ಸಲ ತೂತಿನ ಸಮೇತ. ಲಾಂಚರ್‌ನ ಹಿಂಬಾಯಿ ತೆರೆದು, ಬೆಲ್ಟ್ ಪೆಟ್ಟಿಗೆಗೆ ಸೇರಿಸಿ ಹೊಸದಾಗಿ ಪ್ರಿಂಟ್ ಮಾಡುತ್ತೀರಾದರೆ ಒಂದೆರಡು ತಿಂಗಳು ಕಾಯಲು ತಯಾರಿದ್ದೇನೆ. ಆಗುವುದಿಲ್ಲ ಅಂದರೆ ದುಡ್ಡು ವಾಪಸ್ ಕೊಡಿ. ಫೋಟೋ ಮತ್ತು ಬಿಲ್ ಜೊತೆಗಿವೆ. ಮಿನಿಗನ್ ಮತ್ತು ಲಾಂಚರ್ ಹಿಡಿದ ಇಬ್ಬರಿಗೆ ಇನ್ನೂ ಪ್ರೈಮರ್ ಹೊಡೆದಿಲ್ಲ, ನಿಮ್ಮ ಉತ್ತರ ಬರುವ ತನಕ ಹಾಗೇ ಇಟ್ಟಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ