ಮಗಳಿಗೊಂದು ಪತ್ರ: ಹನ್ನೆರಡರಲ್ಲೊಂದು ಪಾಲು

ಸಂಡೂರು, ಬಳ್ಳಾರಿ ಜಿಲ್ಲೆ

ಚಿರಂಜೀವಿ ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಪರಮಾಣು ರಾಶಿಯ ಏಕಮಾನವೆಂದರೆ ಇಂಗಾಲ-12 ಪರಮಾಣುವಿನ ರಾಶಿಯ ಹನ್ನೆರಡರಲ್ಲೊಂದು ಪಾಲು ಎಂದು ತರಗತಿಯಲ್ಲಿ ಬರೆಸಿದರು, ಆದರೆ ಇಂಗಾಲವೇ ಏಕೆ, ಎಲ್ಲಕ್ಕಿಂತ ಹಗುರವಾದ ಜಲಜನಕ ಏಕಾಗಬಾರದು ಎಂದು ನೀನು ಫೋನಿನಲ್ಲಿ ಕೇಳಿದೆ. ಎರಡು ಮಾತಿನಲ್ಲಿ ಮುಗಿಸಿಬಿಡುವ ಪ್ರಶ್ನೆ ಅದಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೆಲಸದಿಂದಲೇ ಆರಂಭಿಸುತ್ತೇನೆ. ಇಲ್ಲಿ ನಮ್ಮ ಪ್ರಯೋಗಾಲಯಕ್ಕೆ ಬರುವ ಅದಿರಿನ ಸ್ಯಾಂಪಲ್ಲನ್ನು ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಪೊಟ್ಯಾಷಿಯಂ ಡೈಕ್ರೋಮೇಟಿನಿಂದ ಟೈಟ್ರೇಷನ್ ಮಾಡಿ (ಅದರ ದ್ರಾವಣ ಎಷ್ಟು ಖರ್ಚಾಯಿತೆಂದು ಅಳೆದು), ಕಬ್ಬಿಣ ಶೇಕಡಾ ಎಷ್ಟಿದೆ ಎಂದು ವರದಿ ಕೊಡುತ್ತೇವೆ. ಅದಿರಿನ ದರ ನಿಲ್ಲುವುದು ಆ ಅಂಕಿಯ ಮೇಲೆ. ಆದರೆ ಸಂಡೂರಿನ ಬೆಟ್ಟಗಳಲ್ಲಿ ಸಿಗುವ ಹೆಮಟೈಟ್ ಎಂಬ ಕಬ್ಬಿಣದ ಅದಿರು ಎಷ್ಟೇ ಶುದ್ಧವಾಗಿದ್ದರೂ ಆ ಅಂಕಿ 70ನ್ನು ದಾಟಲಾರದು. ಶುದ್ಧ ಹೆಮಟೈಟಿಗೆ 72 ಎಂಬ ವರದಿ ಮೇಜಿಗೆ ಬಂದರೆ ನಾನು ಟೈಟ್ರೇಷನ್ನನ್ನು ಮತ್ತೊಮ್ಮೆ ಮಾಡಿಸುತ್ತೇನೆ. ಕಾರಣ ಇಷ್ಟೇ: ಹೆಮಟೈಟಿನಲ್ಲಿ ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣುಗಳಿರುತ್ತವೆ. ಕಬ್ಬಿಣದ ಪರಮಾಣು ರಾಶಿ 55.845, ಆಮ್ಲಜನಕದ್ದು 15.999. ಕೂಡಿಸಿದರೆ 159.687 ಆಗುತ್ತದೆ, ಅದರಲ್ಲಿ ಕಬ್ಬಿಣದ ಪಾಲು 111.69, ಅಂದರೆ ಶೇಕಡಾ 69.94. ಮ್ಯಾಗ್ನಟೈಟ್ ಎಂಬ ಇನ್ನೊಂದು ಅದಿರಿನಲ್ಲಿ ಮೂರಕ್ಕೆ ನಾಲ್ಕರಂತೆ ಇರುತ್ತವೆ. ಆ ಲೆಕ್ಕವನ್ನು ನೀನೇ ಮಾಡಿ ನೋಡು.

ಈ ಲೆಕ್ಕದಲ್ಲಿ ಒಂದು ಪರಮಾಣು ಎಷ್ಟು ಗ್ರಾಂ ತೂಗುತ್ತದೆ ಎಂಬ ಪ್ರಶ್ನೆಯೇ ಏಳಲಿಲ್ಲ ಎಂಬುದನ್ನು ಗಮನಿಸು. ಬೇಕಾದದ್ದು ಅನುಪಾತ ಮಾತ್ರ. ಗುಲಗಂಜಿ ಇಟ್ಟು ಚಿನ್ನ ತೂಗುತ್ತಿದ್ದ ಅಕ್ಕಸಾಲಿಗರಿಗೂ ಒಂದು ಗುಲಗಂಜಿ ಎಷ್ಟು ಮಿಲಿಗ್ರಾಂ ಎಂಬುದು ಬೇಕಿರಲಿಲ್ಲ. ಎಷ್ಟು ಗುಲಗಂಜಿಗೆ ತಕ್ಕಡಿ ಸಮನಾಯಿತು ಎಂಬುದೇ ಸಾಕಾಗಿತ್ತು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ 1803ರಲ್ಲಿ ಜಲಜನಕವನ್ನು 1 ಎಂದಿಟ್ಟುಕೊಂಡು ತಮ್ಮ ಮೊದಲ ಪಟ್ಟಿಯನ್ನು ಮಾಡಿದ್ದು ಹೀಗೆಯೇ. ಅನುಪಾತಗಳು ನಿಸರ್ಗದಲ್ಲಿಯೇ ಇವೆ, ಯಾವುದನ್ನು ಮಾನವಾಗಿ ಇಡಬೇಕು ಎಂಬುದು ಮಾತ್ರ ಮನುಷ್ಯರು ಕೂಡಿ ಮಾಡಿಕೊಳ್ಳುವ ಒಪ್ಪಂದ. ನಿನ್ನ ಪ್ರಶ್ನೆಯ ಉತ್ತರ ಆ ಒಪ್ಪಂದದ ಚರಿತ್ರೆಯಲ್ಲಿದೆ.

ಜಲಜನಕವನ್ನು ಬಿಟ್ಟದ್ದು ಪ್ರಯೋಗದ ಅನುಕೂಲಕ್ಕಾಗಿ. ಹೆಚ್ಚಿನ ಧಾತುಗಳು ಜಲಜನಕಕ್ಕಿಂತ ಆಮ್ಲಜನಕದೊಡನೆ ಸುಲಭವಾಗಿ ಕೂಡುವುದರಿಂದ, ನೇರವಾಗಿ ಅಳೆಯಲು ಸಿಗುತ್ತಿದ್ದದ್ದು ಆಮ್ಲಜನಕದೊಂದಿಗಿನ ಅನುಪಾತವೇ ಆಗಿತ್ತು. ಹೀಗಾಗಿ ಆಮ್ಲಜನಕವನ್ನು 16 ಎಂದು ಗೊತ್ತುಪಡಿಸಿದರು. ತೊಡಕು ಬಂದದ್ದು 1929ರಲ್ಲಿ, ಗಾಳಿಯ ಆಮ್ಲಜನಕದಲ್ಲಿ 17 ಮತ್ತು 18 ಎಂಬ ಭಾರವಾದ ಐಸೋಟೋಪುಗಳೂ (ಅದೇ ಧಾತುವಿನ, ರಾಶಿ ಮಾತ್ರ ಬೇರೆಯಾದ ಪರಮಾಣುಗಳು) ಸ್ವಲ್ಪ ಬೆರೆತಿವೆ ಎಂಬುದು ತಿಳಿದಾಗ. ಭೌತಶಾಸ್ತ್ರಜ್ಞರು ಆಮ್ಲಜನಕ-16 ಒಂದನ್ನೇ 16 ಎಂದು ಹಿಡಿದರು, ರಸಾಯನಶಾಸ್ತ್ರಜ್ಞರು ನಿಸರ್ಗದಲ್ಲಿ ಸಿಗುವ ಬೆರಕೆಯನ್ನೇ 16 ಎಂದು ಉಳಿಸಿಕೊಂಡರು, ಮತ್ತು ಒಂದೇ ಧಾತುವಿಗೆ ಎರಡು ಅಂಕಿಗಳು ಸುಮಾರು 30 ವರ್ಷ ಚಲಾವಣೆಯಲ್ಲಿದ್ದವು. ಎರಡಕ್ಕೂ ಇದ್ದ ವ್ಯತ್ಯಾಸ ಲಕ್ಷಕ್ಕೆ 27ರಷ್ಟು. ಕೇಳಲು ಅಲ್ಪವೆನಿಸುತ್ತದೆ, ಆದರೆ ನಿಖರವಾದ ಅಳತೆಯೇ ಬದುಕಾಗಿರುವವರಿಗೆ ಅದು ಅಲ್ಪವಲ್ಲ. ಭೌತಶಾಸ್ತ್ರಜ್ಞರ ಮಾನವನ್ನು ಒಪ್ಪಿದರೆ ರಸಾಯನಶಾಸ್ತ್ರದ ಪಟ್ಟಿಗಳನ್ನೆಲ್ಲ ಅಷ್ಟರಮಟ್ಟಿಗೆ ತಿದ್ದಬೇಕಾಗುತ್ತಿತ್ತು.

ಇಂಗಾಲ ಬಂದದ್ದು ಈ ಇಕ್ಕಟ್ಟಿನಲ್ಲಿ. ಇಂಗಾಲ-12ನ್ನು ಸರಿಯಾಗಿ 12 ಎಂದಿಟ್ಟರೆ ರಸಾಯನಶಾಸ್ತ್ರದ ಅಂಕಿಗಳು ಬದಲಾಗುವುದು ಲಕ್ಷಕ್ಕೆ ನಾಲ್ಕರಷ್ಟು ಮಾತ್ರ. ಇತ್ತ ಭೌತಶಾಸ್ತ್ರಜ್ಞರು ಪರಮಾಣುಗಳ ರಾಶಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಇಂಗಾಲವನ್ನು ಹೋಲಿಕೆಯ ಗುರುತಾಗಿ ಆಗಲೇ ಬಳಸುತ್ತಿದ್ದರು, ಏಕೆಂದರೆ ಇಂಗಾಲ ಮತ್ತು ಜಲಜನಕ ಕೂಡಿದ ಸಂಯುಕ್ತಗಳು ಬಗೆಬಗೆಯ ರಾಶಿಗಳಲ್ಲಿ ದೊರೆಯುತ್ತವೆ. ಭೌತಶಾಸ್ತ್ರಜ್ಞ ಆಲ್‌ಫ್ರೆಡ್ ನೀರ್ ಈ ಸಲಹೆ ಕೊಟ್ಟರು, ಇನ್ನೊಬ್ಬ ಭೌತಶಾಸ್ತ್ರಜ್ಞ ಯೋಸೆಫ್ ಮಾಟ್ಟೌಖ್ ಅದನ್ನು ಎರಡೂ ಕಡೆಯವರಿಗೆ ಒಪ್ಪಿಸಲು ಶ್ರಮಿಸಿದರು. 1960ರಲ್ಲಿ ಭೌತಶಾಸ್ತ್ರಜ್ಞರ ಅಂತರರಾಷ್ಟ್ರೀಯ ಒಕ್ಕೂಟ, 1961ರಲ್ಲಿ ರಸಾಯನಶಾಸ್ತ್ರಜ್ಞರ ಒಕ್ಕೂಟ ಇದಕ್ಕೆ ಒಪ್ಪಿಗೆ ನೀಡಿದವು. ಎರಡು ಶಾಸ್ತ್ರಗಳ ಜನ ತಮ್ಮ ತಮ್ಮ ರೂಢಿಯನ್ನು ಬಿಟ್ಟು ಒಂದು ಮಾನಕ್ಕೆ ಬಂದದ್ದನ್ನು ನಾನು ವಿಜ್ಞಾನದ ದೊಡ್ಡ ಸಾಧನೆಗಳಲ್ಲಿ ಒಂದೆಂದು ಎಣಿಸುತ್ತೇನೆ, ಪಠ್ಯಪುಸ್ತಕ ಅದಕ್ಕೆ ಒಂದೇ ಸಾಲು ಕೊಟ್ಟರೂ.

ಈ ಮಾನವನ್ನು ‘ಯು’ ಎಂದು ಬರೆಯುತ್ತೇವೆ, ಡಾಲ್ಟನ್ ಎಂದರೂ ಅದೇ. ಕಿಲೋಗ್ರಾಮಿನಲ್ಲಿ ಹೇಳುವುದಾದರೆ ಸುಮಾರು 1.6605 × 10⁻²⁷.

ಇನ್ನು ನೀನು ಮುಂದೆ ಕೇಳಬಹುದಾದದ್ದು. ಪಟ್ಟಿಯಲ್ಲಿ ಪ್ರೋಟಾನಿನ ರಾಶಿ 1.00728 ಯು, ನ್ಯೂಟ್ರಾನಿನದು 1.00866 ಯು ಎಂದಿರುತ್ತದೆ. ಇಂಗಾಲ-12ರಲ್ಲಿ ಆರು ಪ್ರೋಟಾನು, ಆರು ನ್ಯೂಟ್ರಾನು, ಆರು ಎಲೆಕ್ಟ್ರಾನುಗಳಿವೆ. ಬಿಡಿಬಿಡಿಯಾಗಿ ಕೂಡಿಸಿದರೆ 12.099 ಬರುತ್ತದೆ. ಹಾಗಾದರೆ ಪರಮಾಣು 12 ಮಾತ್ರ ತೂಗುವುದು ಹೇಗೆ? ಕಣಗಳು ನ್ಯೂಕ್ಲಿಯಸ್ಸಿನಲ್ಲಿ ಒಟ್ಟುಗೂಡಿ ಬಿಗಿಯಾಗುವಾಗ ಸ್ವಲ್ಪ ರಾಶಿ ಶಕ್ತಿಯಾಗಿ ಹೊರಗೆ ಹೋಗುತ್ತದೆ, ಮತ್ತು ಒಂದು ಯು ರಾಶಿಗೆ ಸುಮಾರು 931.5 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಏಕಮಾನ) ಶಕ್ತಿ ಸಮ. ಕಬ್ಬಿಣ-56ರಲ್ಲಿ ಬಿಡಿ ಕಣಗಳ ಮೊತ್ತ 56.463 ಯು, ಪರಮಾಣುವಿನ ರಾಶಿ 55.935 ಯು. ಅಂದರೆ ಇಂಗಾಲಕ್ಕೆ ಹೋಲಿಸಿದರೆ ಕಬ್ಬಿಣದ ಒಂದೊಂದು ಕಣವೂ ಹೆಚ್ಚು ರಾಶಿಯನ್ನು ಬಿಟ್ಟುಕೊಟ್ಟಿದೆ. ಹಾಗಾಗಿ ಇಂಗಾಲವನ್ನು ಅಳತೆಗೋಲು ಮಾಡಿಕೊಂಡಿರುವ ನಮ್ಮ ಪಟ್ಟಿಯಲ್ಲಿ ಕಬ್ಬಿಣ-56 56ಕ್ಕಿಂತ ಕೆಳಗೆ ಕಾಣುತ್ತದೆ. ನಿಸರ್ಗದ ಕಬ್ಬಿಣದಲ್ಲಿ ಶೇಕಡಾ ಆರರ ಹತ್ತಿರ ಬೆರೆತಿರುವ ಹಗುರವಾದ ಕಬ್ಬಿಣ-54 ಸರಾಸರಿಯನ್ನು (ಮೇಲಿನ ಅದಿರಿನ ಲೆಕ್ಕದ 55.845) ಇನ್ನಷ್ಟು ಇಳಿಸುತ್ತದೆ. ದ್ವಿತೀಯ ಪಿಯುಸಿಯ ಭೌತಶಾಸ್ತ್ರದಲ್ಲಿ ಹೀಗೆ ಹೊರಗೆ ಹೋಗುವ ಶಕ್ತಿಯ, ಅಂದರೆ ಬಂಧನ ಶಕ್ತಿಯ ಪಾಠ ಬರುತ್ತದೆ. ಅಲ್ಲಿಯವರೆಗೆ ಕಾಯದೆ ಈ ಎರಡು ಕಳೆಯುವ ಲೆಕ್ಕಗಳನ್ನು ಈಗಲೇ ಮಾಡಿ, ಬಂದ ಉತ್ತರಗಳನ್ನು ನನಗೆ ಬರೆದು ಕಳಿಸು.

ಇಂತಿ,
ನಿನ್ನ ಅಪ್ಪ